ಎರಡನೆಯ ತಾಟು

ಜೋಳದ ರೊಟ್ಟಿ ಬಡಿದವರಾದರೆ ನೀವೂ ಕಂಡಿರುತ್ತೀರಿ: ಕಾವು ಹತ್ತಿದ ರೊಟ್ಟಿ ಉಸಿರೆಳೆದುಕೊಂಡಂತೆ ಉಬ್ಬಿ, ಒಂದೇ ಮೈ ಎರಡು ಪದರಾಗಿ ನಿಲ್ಲುತ್ತದೆ. ಹಂಚಿನ ಮುಂದೆ ಕುಳಿತು ಶಿವನಾಮ ಹೇಳಿಕೊಳ್ಳುತ್ತ ಈ ಸೋಜಿಗವನ್ನು ನಾನು ದಿನವೂ ನೋಡುತ್ತೇನೆ. ಅಕ್ಕಿಆಲೂರಿನಲ್ಲಿ ಅಕ್ಕಿಗೆ ಬರವಿಲ್ಲ, ಆದರೂ ನಮ್ಮ ಮನೆಯಲ್ಲಿ ರೊಟ್ಟಿಯಿಲ್ಲದೆ ಊಟವಾಗದು.

ನನಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದರು. ಗೌರಿ ಮೂರು ತಿಂಗಳಿಗೇ ಶಿವನ ಪಾದ ಸೇರಿದಳು. ಗಿರಿಜಾ ಉಳಿದಳು, ಅದು ಅವನ ದಯೆ. ಆಗ ನಮ್ಮತ್ತೆ ಹೇಳಿದ್ದರು: "ಉಳಿದಾಕಿಗೆ ಒಂಟೀಲೆ ಏನೂ ಕೊಡಬ್ಯಾಡ. ಹೋದಾಕಿ ತನ್ನ ಪಾಲು ಕೇಳಾಕ ಬರ್ತಾಳ. ಬಂದ್ರ ಒಬ್ಬಾಕೀನ ಹೋಗಂಗಿಲ್ಲ." ಅಂದಿನಿಂದ ಅಂಗಿ ಎರಡು, ಬಳೆ ಎರಡು ಜೋಡಿ, ತಾಟು ಎರಡು. ಎರಡನೆಯ ತಾಟಿನ ರೊಟ್ಟಿ ಆಮೇಲೆ ಆಕಳಿಗೆ.

ಗಿರಿಜಾ ವಿಜ್ಞಾನ ಓದಿದಳು, ಹಿರೇಕೆರೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಜಾನೆ ಬುತ್ತಿಗೆ ಎರಡನೆಯ ರೊಟ್ಟಿ ಇಡುವಾಗ ನನ್ನ ಕೈ ಹಿಡಿದಳು.

"ಸಾಕವ್ವ, ಒಂದನ ಕಟ್ಟು. ನಾ ಒಬ್ಬಾಕೀನ ಅದೇನಿ."

"ಹಂಗನಬ್ಯಾಡ ಯವ್ವಾ."

ನಕ್ಕಳು. "ನಿನ್ನಂಥಾವ್ರಿಗಂತನ ಕ್ವಾರ್ಕ್ ಅದಾವ ನೋಡು." ಪರಮಾಣುವಿನ ನಡುಗರ್ಭದ ಕಣಗಳಿಗೂ ಒಳಗಿನ ಕಣಗಳಂತೆ, ಒಂಟಿ ಕ್ವಾರ್ಕು ಈವರೆಗೆ ಯಾರಿಗೂ ಸಿಕ್ಕಿಲ್ಲವಂತೆ. "ಒಂದರಿಂದ ಇನ್ನೊಂದನ್ನ ದೂರ ಒಯ್ದಂಗ ಹಿಡಿತ ಸಡ್ಲಾಗಂಗಿಲ್ಲ. ಜಗ್ಗಿ ಜಗ್ಗಿ ಹರಿದಿ ಅನ್ನು, ನೀ ಜಗ್ಗಿದ ಕಸುವಿನಿಂದನ ಹೊಸಾ ಜೋಡಿ ಹುಟ್ಟತೈತಿ. ಹೋದದ್ದಕ್ಕೊಂದು, ಉಳಿದದ್ದಕ್ಕೊಂದು."

"ನಿಮ್ಮಜ್ಜಿ ಯಾವ ಕಾಲೇಜಿಗೆ ಹೋಗಿದ್ಲೊ ಏನೊ!" ಎಂದೆ.

ಆದರೂ ಅವಳ ಹಟಕ್ಕೆ ಸೋತು ಒಂದೇ ಕಟ್ಟಿದೆ. ಬಸ್ಸು ಮರೆಯಾದ ಮೇಲೆ ಎದೆಯೊಳಗೆ ಹಗ್ಗವೊಂದು ಬಿಗಿಯತೊಡಗಿತು. ಗೌರಿ ಗಿರಿಜೆಯ ಬೆನ್ನು ಹತ್ತಿದಳೋ, ಇಲ್ಲೇ ಉಳಿದಳೋ? ಹಿಂದೆ ಹೋಗಿದ್ದರೆ ಗಿರಿಜೆಯ ಗತಿಯೇನು, ಉಳಿದಿದ್ದರೆ ಆ ಕೂಸಿನ ಗತಿಯೇನು? ಹೆತ್ತವಳಿಗೆ ಎರಡೂ ಭಯವೇ.

ಮಧ್ಯಾಹ್ನ ಫೋನು ಬಂತು. "ಅವ್ವಾ, ಬಾಡಗಿ ಮನಿ ಅಜ್ಜಿ ಬಾಗಲಾ ತಗದಾಕೀನ, 'ಇಬ್ಬರೂ ಒಳಗ ಬರ್ರಿ' ಅಂದ್ಲು. ನನ್ನ ಹಿಂದ ಯಾರೂ ಇರಲಿಲ್ಲ. ಈಗ ಇದ್ದೊಂದು ರೊಟ್ಟಿ ಪದರು ಬಿಡಿಸಿ ಎರಡು ತಾಟಿಗೆ ಹಾಕ್ಕೊಂಡು ಕುಂತೇನಿ."

"ಅಂಜಿಕಿ ಆತೇನ?"

"ಇಲ್ಲವ್ವ. ಅದಕ್ಕನ ಅಂಜಿಕಿ."

ಫೋನಿಟ್ಟು ಅಡುಗೆಮನೆಗೆ ತಿರುಗಿದೆ. ಯಜಮಾನರ ತಾಟು, ನನ್ನ ತಾಟು ತೊಳೆದು ಮಗುಚಿಟ್ಟಿದ್ದೆ. ಆದರೂ ಗೋಡೆಯ ಬದಿಗೆ, ಮಕ್ಕಳ ಜಾಗದಲ್ಲಿ, ಎರಡು ತಾಟು ಅಕ್ಕಪಕ್ಕ ಇದ್ದವು. ಹಾಕಿದ ನೆನಪು ನನಗಿಲ್ಲ.

ಒಂದು ಗೌರಿಯದು ಎನ್ನೋಣ. ಪಕ್ಕದ್ದು ಯಾರದೆಂದು ನಾನು ಕೇಳಲು ಹೋಗಲಿಲ್ಲ. ಅಲ್ಲಿ ಇಬ್ಬರು, ಇಲ್ಲಿ ಇಬ್ಬರು. ಯಾರನ್ನೂ ಒಂಟಿಯಾಗಿ ಬಿಡಲಿಲ್ಲವಲ್ಲ ಶಿವ, ಇಷ್ಟು ದಯೆ ಸಾಕು ಎಂದು ಕೈಮುಗಿದೆ.

ಈಗ ದಿನವೂ ಕೊನೆಯ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಇಳಿಸಿ, ಎರಡು ಪದರನ್ನೂ ಮೆಲ್ಲಗೆ ಬಿಡಿಸಿ ತಾಟಿಗೊಂದರಂತೆ ಇಡುತ್ತೇನೆ. ಬಿಡಿಸುವಾಗ ಒಳಗಿನ ಬಿಸಿಯುಸಿರು ಬೆರಳಿಗೆ ತಾಕುತ್ತದೆ, ಮಲಗಿದ ಕೂಸಿನ ಮೂಗಿನ ಹತ್ತಿರ ಕೈ ಹಿಡಿದಂತೆ.