ಖಾಲಿ ಕೋಣೆಯಲ್ಲಿ ಅಳುವ ಮಕ್ಕಳು

ಈ ಕಥೆಗೆ ನಾನು ಒಗ್ಗರಣೆ ಹಾಕಿಲ್ಲ, ಹಾಕಿದ್ದರೂ ಸಾಸಿವೆಯಷ್ಟೇ. ಉಳಿದದ್ದೆಲ್ಲ ಹೋದ ವಾರ ಲಗ್ಗೆರೆಯಲ್ಲಿ ನಡೆದದ್ದೇ.

ಬೆಳಗಿನ ಜಾವ. ಪೀಣ್ಯದ ಕಾರ್ಖಾನೆಗಳ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ಹಿಟ್ಟಿನ ಗಿರಣಿಯ ಪಕ್ಕದ ಶಿಶುವಿಹಾರದಲ್ಲಿ ದೀಪವಿಲ್ಲ, ಬಾಗಿಲು ಮುಚ್ಚಿದೆ. ಒಳಗೆ ಒಂದು ಮಗು ಅಳುತ್ತಿದೆ. ಅದು ನಿಂತದ್ದೇ ಇನ್ನೊಂದು, ಬಿಕ್ಕಿ ಬಿಕ್ಕಿ. ಆಮೇಲೆ ಮೂಗು ಕಟ್ಟಿದ ದನಿಯ ಮತ್ತೊಂದು.

ಇದನ್ನು ಮೊದಲು ಕೇಳಿದವರು ಕಾರ್ಖಾನೆಯ ಅಂಜಿನಯ್ಯ. "ನೈಟ್ ಶಿಫ್ಟ್ ಮುಗಿಸಿ ಬರ್ತಿದ್ದೆ ಸಾರ್. ಒಳಗೆ ಮಕ್ಕಳು ಅಳ್ತಾವೆ, ಹೊರಗೆ ನರಪಿಳ್ಳೆ ಇಲ್ಲ. ಸೈಕಲ್ ಅಲ್ಲೇ ಬಿಟ್ಟು ಓಡಿದೆ!" ಹೇಳುವಾಗ ಅವರ ಹಲ್ಲು ಕಟಕಟಿಸುವುದನ್ನು ನಾನು ಅನುಕರಿಸಿ ತೋರಿಸಬಲ್ಲೆ, ಅಚ್ಚಿನ ಮೊಳೆಗಳಿಗೆ ಆ ವಿದ್ಯೆ ಬಾರದು.

ಅಂದಿನಿಂದ ದೆವ್ವದ ಸುದ್ದಿ ಹಬ್ಬಿ ಮೂವತ್ತು ಮಕ್ಕಳಿದ್ದ ಕಡೆ ಏಳು. ವಾರದೊಳಗೆ ಮಕ್ಕಳು ಮರಳದಿದ್ದರೆ ಕೋಣೆಯನ್ನು ಗಿರಣಿಯ ಮೂಟೆಗಳಿಗೆ ಕೊಡುವುದಾಗಿ ಶಿಶುವಿಹಾರ ನಡೆಸುವ ಮಹಿಳಾ ಮಂಡಳಿ ಹೇಳಿದೆ.

ಊದುಬತ್ತಿ ಹೊಸೆಯುವ ನರಸಮ್ಮ ಮಗಳ ತಟ್ಟೆ, ಬಟ್ಟೆ ವಾಪಸ್ ಒಯ್ಯಲು ಬಂದು, ಸುದ್ದಿಗೆಂದು ಬಂದ ನನ್ನ ಪಕ್ಕ ನಿಂತಿದ್ದಾರೆ. ಒಳಗೆ ಇನ್ನೊಂದು ಅಳು ಏಳುತ್ತದೆ. "ಅಮ್ಮೀ..." ಎಂದು ಎಳೆದು, ಕೊನೆಗೆ ಉಸಿರನ್ನು ಸರ್ರನೆ ಒಳಗೆಳೆದುಕೊಳ್ಳುವ ಅಳು. ನರಸಮ್ಮನ ಮುಖ ಬಿಳಿಚುತ್ತದೆ. ಅದು ಅವರ ಮಗಳು ಅಣ್ಣಮ್ಮನ ದನಿ. ಅಣ್ಣಮ್ಮನೋ ತಾಯಿಯ ಹೆಗಲ ಮೇಲೆ, ಬಾಯಿ ಮುಚ್ಚಿ, ನಿದ್ದೆ ಮಾಡುತ್ತಿದ್ದಾಳೆ.

ನರಸಮ್ಮ ಬಾಗಿಲಿಗೆ ಒದೆಯುತ್ತಾರೆ. ಕತ್ತಲಲ್ಲಿ, ಚಾಪೆಯ ಮೇಲೆ, ಒಬ್ಬರೇ ಒಬ್ಬರು ಕೂತಿದ್ದಾರೆ: ಟೀಚರ್ ಗಂಗಲಕ್ಷ್ಮಮ್ಮ.

"ಒಳಗೆ ಇನ್ಯಾರಿದಾರೆ ಟೀಚರ್? ನನ್ ಮಗು ದನಿ ಯಾರು ಕದ್ದಿದ್ದು?"

"ನಾನೇ ಕಣ್ರೀ ಅತ್ತಿದ್ದು," ಎಂದು ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ.

ಇವರು ಅಳುವನ್ನು ಅಳೆಯುವವರು. "ಮೂರು ವರ್ಷದ ಕೂಸಿಗೆ ಕಿವಿ ನೋಯ್ತಿದೆ ಅನ್ನೋಕೆ ಬರುತ್ತಾ? ಹಿಂದಿನ ದಿನ ಅದು ಹೆಂಗೆ ಅಳ್ತೋ ಹಂಗೇ ಅತ್ತು ನೋಡ್ತೀನಿ. ಹಟ ಆದ್ರೆ ಗಂಟಲಲ್ಲೇ ಇರುತ್ತೆ, ಹಸಿವು ಹೊಟ್ಟೆಯಿಂದ ಬರುತ್ತೆ. ನಿಮ್ಮ ಅಣ್ಣಮ್ಮಂದು ಎದೆಯಿಂದ. ಅದು ಭಯ. ಗಿರಣಿ ಗುಡುಗಿದಾಗಲೇ ಅಳೋದು ಅವಳು. ಅದಕ್ಕೇ ಆ ಗೋಡೆಯಿಂದ ದೂರ ಕೂರಿಸ್ತೀನಿ."

"ಕತ್ತಲಲ್ಲಿ ಯಾಕ್ ಅಳ್ಬೇಕು? ದೀಪ ಹಚ್ಕೊಂಡು ಅಳಿ!"

"ದೀಪ ಹಚ್ಚಿದ್ರೆ ಗೋಡೆ ಮೇಲೆ ನನ್ ನೆರಳು ಬೀಳುತ್ತೆ. ಮುದುಕಿ ನೆರಳು. ಅದನ್ನ ನೋಡ್ತಾ ನೋಡ್ತಾ ಮಗು ಆಗಕ್ಕಾಗಲ್ಲ."



ಗಂಗಲಕ್ಷ್ಮಮ್ಮ ಬೆಳೆದದ್ದು ಬಿನ್ನಿಪೇಟೆಯಲ್ಲಿ. "ನಮ್ಮವ್ವ ಮಿಲ್ಲಿಗೆ ಹೋಗೋಳು, ನನ್ನ ಪಕ್ಕದ ಮನೇಲಿ ಬಿಡೋಳು. ಅತ್ರೆ 'ಸುಮ್ನಿರೇ' ಅನ್ನೋರು. ಯಾಕೆ ಅಂತ ಒಬ್ರೂ ಕೇಳ್ಲಿಲ್ಲ." ಇವರ ಕೋಣೆಯಲ್ಲಿ ಕುರ್ಚಿಯಿಲ್ಲ, ಕೋಲಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೇ ಕೂರುತ್ತಾರೆ. ಸ್ಲೇಟಿಗಿಂತ ಮೊದಲು ಮರಳು, ಹುಣಸೆಬೀಜ, ಹಾಡು. "ಅ ಆ ಯಾವಾಗ" ಎಂದು ಕೇಳುವವರಿಗೆ ಒಂದೇ ಉತ್ತರ: "ಮಗು ಮೊದ್ಲು ನೆಮ್ಮದಿಯಾಗಿ ಕೂತ್ಕೊಳ್ಲಿ. ಅಕ್ಷರ ಎಲ್ಲಿಗೆ ಓಡೋಗುತ್ತೆ?" ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಇವರು ಬಾಗಿಲ ಮರೆಯ ತಾಯಿ.

ದೆವ್ವದ ಸುದ್ದಿ ಊರಿಗೆಲ್ಲ ಗೊತ್ತು, ಇವರಿಗೊಬ್ಬರಿಗೇ ಗೊತ್ತಿಲ್ಲ. ಟೀಚರ್ ಮುಖದೆದುರು ಯಾರು ಹೇಳುತ್ತಾರೆ? ಈಗ ನರಸಮ್ಮ ಹೇಳುತ್ತಾರೆ.

"ಮಕ್ಕಳಿಗೆ ಜ್ವರ ಅಂದ್ರಲ್ರೀ ಎಲ್ರೂ!" ಗಂಗಲಕ್ಷ್ಮಮ್ಮನ ದನಿ ಕುಸಿಯುತ್ತದೆ. "ನಾನೇ ಓಡಿಸಿದ್ನಾ ಮಕ್ಕಳನ್ನ? ನಾಳೆಯಿಂದ ಅಳಲ್ಲ ಬಿಡಿ."

"ನಾಳೆ ಒಂದಿನ ಅಳಿ ಟೀಚರ್. ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ತಾಯಂದಿರನ್ನೆಲ್ಲ ಬಾಗಿಲಿಗೇ ಕರ್ಕೊಂಡು ಬರ್ತೀನಿ."

ಮರುದಿನ ಬೆಳಗಿನ ಜಾವ ಹೊರಗೆ ತಾಯಂದಿರ ಗುಂಪು, ಕಂಕುಳಲ್ಲಿ ಮಕ್ಕಳು. ಕರೆತಂದ ನರಸಮ್ಮ ಮಾತ್ರ ಕಾಣುತ್ತಿಲ್ಲ. ಒಳಗೆ ಅಳು ಶುರುವಾಗುತ್ತದೆ. "ಅಯ್ಯೋ, ನಮ್ ಹುಡುಗಂದೇ!" ಎಂದು ಗುಂಪಿನಲ್ಲಿದ್ದ ಬೋರಮ್ಮ ದೇವರನ್ನು ನೆನೆಯುತ್ತಾರೆ. ಆಮೇಲೆ ಅಣ್ಣಮ್ಮನ ಸರದಿ. "ಅಮ್ಮೀ..."

ಒಳಗಿನ ಮೂಲೆಯಿಂದ ಉತ್ತರ ಬರುತ್ತದೆ. ನಿಧಾನವಾಗಿ, ಸಾಕ್ಷಾತ್ ಗಂಗಲಕ್ಷ್ಮಮ್ಮನ ದನಿಯಲ್ಲೇ: "ಯಾಕೆ ಬಂಗಾರಿ? ಬಾ, ನನ್ ತೊಡೆ ಮೇಲೆ ಕೂತ್ಕೋ."

ತನ್ನ ದನಿ ಕತ್ತಲಿನಿಂದ ತನ್ನನ್ನೇ ಕರೆಯುವುದನ್ನು ಕೇಳಿದ ಗಂಗಲಕ್ಷ್ಮಮ್ಮ ಚೀರುತ್ತಾರೆ. ಈ ಚೀರು ಮಾತ್ರ ಯಾವ ಮಗುವಿನದೂ ಅಲ್ಲ, ಸ್ವಂತದ್ದು. ತಾಯಂದಿರು ಬಾಗಿಲನ್ನು ದಡಾರನೆ ತಳ್ಳುತ್ತಾರೆ. ಒಳಬಿದ್ದ ಬೆಳಕಿನಲ್ಲಿ ಎಲ್ಲರಿಗೂ ಕಾಣುವುದು ಇಷ್ಟೇ: ಚಾಪೆಯ ಮೇಲೆ ನಡುಗುತ್ತಿರುವ ಟೀಚರ್, ಬೀರುವಿನ ಹಿಂದಿನಿಂದ ಹೊರಬರುತ್ತಿರುವ ನರಸಮ್ಮ.

"ನಿನ್ನೆ ನನ್ ಜೀವ ತೆಗೆದ್ರಲ್ಲ ಟೀಚರ್, ಲೆಕ್ಕ ಚುಕ್ತಾ!" ಆಮೇಲೆ ಗುಂಪಿನ ಕಡೆ ತಿರುಗಿ: "ದೆವ್ವ ಅಲ್ಲ ಕಣ್ರೇ, ಮಕ್ಕಳು ಯಾಕ್ ಅಳ್ತಾವೆ ಅಂತ ತಿಳ್ಕೊಳ್ಳೋಕೆ ಟೀಚರೇ ಅವರ ಥರ ಅಳೋದು!"

ಬೋರಮ್ಮನಿಗೆ ಮೊದಲು ನಗು ಬರುತ್ತದೆ, ಆಮೇಲೆ ಗುಂಪಿಗೆಲ್ಲ. "ನಮ್ ಹುಡುಗ ಯಾಕ್ ಅಳ್ತಾನೆ, ಅದ್ ಹೇಳಿ ಮೊದ್ಲು," ಎಂದು ಬೋರಮ್ಮ ಮಗನನ್ನು ಚಾಪೆಗೆ ಇಳಿಸುತ್ತಾರೆ. ಉಳಿದವರೂ ಇಳಿಸುತ್ತಾರೆ. ಸೈರನ್ ಕೂಗುತ್ತದೆ, ತಾಯಂದಿರು ಮಕ್ಕಳನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಓಡುತ್ತಾರೆ. ತಿರುವಿನವರೆಗೂ ಅವರ ಬೆನ್ನಿಗೆ ಒಂದು ನಗು ಕೇಳಿಸುತ್ತಲೇ ಇರುತ್ತದೆ. ಸೈರನ್ನನ್ನೂ ಮೀರಿಸಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಗಂಗಲಕ್ಷ್ಮಮ್ಮ ನಗುತ್ತಿದ್ದಾರೆ.