ಹುಣಸೆಮರಕ್ಕೆ ಕಟ್ಟಿದ ಹಗ್ಗ

ಆಗ ನನಗೆ ಒಂಬತ್ತು ವರ್ಷ. ಅನ್ನೂರಿನ ಹತ್ತಿರ ನೇಕಾರರ ಕೇರಿಯ ಕೊನೆಯಲ್ಲಿ ನಮ್ಮ ಮನೆ. ಅಪ್ಪ ಕ್ರೈಸ್ತನಾದ ಮೇಲೆ ನೆಂಟರು ದೂರವಾಗಿ, ಯಾರಿಗೂ ಬೇಡದ ಆ ಜಾಗವಷ್ಟೇ ನಮಗೆ ಸಿಕ್ಕಿತ್ತು. ಅಂಗಳದ ಹುಣಸೆಮರದಲ್ಲಿ ದೆವ್ವವಿದೆಯೆಂದು ಜನ ನಡುಹಗಲಲ್ಲೂ ಸುತ್ತು ಬಳಸಿ ಹೋಗುತ್ತಿದ್ದರು. ಅಪ್ಪ ಮಾತ್ರ ಮಗ್ಗದಿಂದೆದ್ದು ಬಂದು ಅದರ ಬುಡದಲ್ಲೇ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ. ಚಿಗುರು ಕಿತ್ತು ನನ್ನ ಬಾಯಿಗಿಟ್ಟು, “ದೇವ್ರು ಹುಳೀನೂ ಎಷ್ಟು ಯೋಚ್ನೆ ಮಾಡಿ ಮಾಡವ್ನೆ ನೋಡು” ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಕಸ ಗುಡಿಸಲು ಹೋದವಳು ನಿಂತುಬಿಟ್ಟೆ. ಕೆಳಗಿನ ಕೊಂಬೆಯಲ್ಲಿ ಹಗ್ಗ ನೇತಾಡುತ್ತಿತ್ತು, ತುದಿಯಲ್ಲಿ ಕುಣಿಕೆ. ಯಾರೂ ಇರಲಿಲ್ಲ.

ಸುದ್ದಿ ತಿಳಿದು ಅಪ್ಪನ ಸೋದರಮಾವ ಬಂದ. ಕೇರಿಯ ಯಜಮಾನ ಅವನೇ. “ಇದು ಪೇಯಿ ಮರ, ದೆವ್ವ ಐತೆ ಅಂತ ಆಗ್ಲೇ ಹೇಳ್ಲಿಲ್ವಾ? ಇವತ್ತೇ ಕಡಿದ್ಬಿಡು.”

“ಮರ ಏನು ಪಾಪ ಮಾಡ್ತು ಮಾಮಾ? ನಮ್ಮ ಸ್ವಾಮೀನೂ ಮರದ ಶಿಲುಬೆಗೇ ಮೊಳೆ ಹೊಡೆದು ಏರಿಸಿದ್ರು. ಹೊಡೆದೋರು ಮನುಷ್ಯರು, ಮರ ಅಲ್ಲ” ಅಂದ ಅಪ್ಪ.

ಹಗ್ಗ ಬಿಚ್ಚಿಬಿಡಿ ಎಂದು ಅಮ್ಮ ಗೋಗರೆದಳು. “ಕಟ್ಟಿದೋರು ಇನ್ನೂ ಬದುಕವ್ರೆ. ಬಿಚ್ಚಿದ್ರೆ ಬೇರೆ ಮರ ಹುಡುಕ್ತಾರೆ” ಎಂದು ಅಪ್ಪ ಅಲ್ಲೇ ಕೂತ. ಮಗ್ಗ ನಿಂತಿತು. ಗಾಳಿ ಬೀಸಿದಾಗಲೆಲ್ಲ ಕುಣಿಕೆ ತಿರುಗುತ್ತಿತ್ತು. ದಾರಿಯಲ್ಲಿ ಹೋಗುವವರ ಮುಖಗಳನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಇವರಾ? ಇಲ್ಲ, ಅವರಾ?

ಮೂರನೆಯ ಮಧ್ಯಾಹ್ನ ಖಾಲಿ ಕೊಡ ಹಿಡಿದು ಒಬ್ಬಳು ಬಂದಳು. ಆ ಯಜಮಾನನ ಸೊಸೆಯೇ.

“ಅದು ನಮ್ಮನೆ ಬಾವಿ ಹಗ್ಗ ಅಣ್ಣಾ” ಎಂದಳು.

ಅಪ್ಪ ಹಗ್ಗ ಬಿಚ್ಚಿದ, ಅವಳ ಕೈಗೆ ಕೊಡಲಿಲ್ಲ. “ಒಳಗೆ ಬಾ ತಾಯಿ, ಮೊದ್ಲು ಊಟ ಮಾಡು.”

ಮಕ್ಕಳಾಗಲಿಲ್ಲವೆಂದು ಗಂಡನಿಗೆ ಇನ್ನೊಂದು ಹೆಣ್ಣು ಗೊತ್ತುಮಾಡಿದ್ದರಂತೆ. ಅವಳನ್ನು ಯಾರೂ ಮಾತನಾಡಿಸುತ್ತಿರಲಿಲ್ಲವಂತೆ. ಸಾಯಲೆಂದು ರಾತ್ರಿ ಕುಣಿಕೆ ಕಟ್ಟಿದವಳು ಆ ಮರವನ್ನೇ ತಬ್ಬಿಕೊಂಡು ಅತ್ತು, ಹಾಗೇ ಹಿಂದಿರುಗಿದ್ದಳಂತೆ. ಉಣ್ಣುತ್ತ ಉಣ್ಣುತ್ತ ಹೇಳಿದಳು. ಅಂದೇ ಅಪ್ಪ ಅವಳನ್ನು ಗಾಡಿಯಲ್ಲಿ ಸೂಲೂರಿಗೆ, ಅವಳ ಅಣ್ಣನ ಮನೆಗೆ ಕರೆದೊಯ್ದ.

ಮರುದಿನವೇ ನಮ್ಮ ಮಾಡಿನ ಮೇಲೆ ಕಲ್ಲು ಬಿದ್ದವು. ನಮಗೆ ನೂಲು ಕೊಡುವವರು ಕೊಡುವುದನ್ನು ನಿಲ್ಲಿಸಿದರು. ಬಾವಿಯ ಬಳಿ ಅಮ್ಮನನ್ನು ಕಂಡರೆ ಹೆಂಗಸರು ಸರಿದು ನಿಲ್ಲುತ್ತಿದ್ದರು. ತಿಂಗಳು ಕಳೆಯುವ ಮೊದಲೇ ನಾವು ತಿರುಪ್ಪೂರಿಗೆ ಹೊರಟೆವು.

ಆಕೆ ಬದುಕಿಕೊಂಡಳು. ಅಣ್ಣನ ಮಕ್ಕಳನ್ನು ಸಾಕಿದಳು, ನನ್ನ ಮದುವೆಗೂ ಬಂದಿದ್ದಳು. ಆದರೆ ನಾವು ಹೊರಟ ವಾರದಲ್ಲೇ ಮರವನ್ನು ಉರುಳಿಸಿದರೆಂದು ಯಾರೋ ಬಂದು ಹೇಳಿದಾಗ, ಅಪ್ಪ ತಟ್ಟೆಯ ಮುಂದಿನಿಂದ ಎದ್ದ.

“ಆ ಮರ ಒಂದು ಜೀವ ತಡೆದು ನಿಲ್ಲಿಸ್ತು. ಅದನ್ನೇ ಕಡಿದ್ರಲ್ಲ” ಎಂದು ಕೈ ತೊಳೆದುಕೊಂಡು ಹೊರಗೆ ಹೋದ.