ಒಲ್ಲೆ ಎನ್ನದೆ ಹೋದವರು

ಇಂಗ್ಲಿಷು ಖಚಿತತೆಯ ಭಾಷೆ, ಅದರಲ್ಲಿ ಆಡಿದ ಮಾತಿಗೆ ಎರಡನೆಯ ಅರ್ಥವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರ ಮನೆಗೆ ಹೆಣ್ಣು ನೋಡಲು ಯಾರೂ ಬಂದಿರಲಿಕ್ಕಿಲ್ಲ. ಮೊನ್ನೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ಫೋನಿಗೆ ‘ಸಾರ್ಟ್ ಆಫ್ ಓಕೆ, ಲೆಟ್ಸ್ ಸೀ’ ಎಂದು ನಗುತ್ತಿದ್ದಳು. ನನ್ನ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಮಳವಳ್ಳಿಯ ನಮ್ಮ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲಿದೆ. ಆ ವಾಸನೆಯೊಳಗೆ ಮಾತ್ರ ಮನೆ ಒಂದು ಗಳಿಗೆ ಎದ್ದು ನಿಂತಿತು, ತನ್ನ ಜಗುಲಿ, ನಡುಮನೆ, ಜನರ ಸಮೇತ.

ನನಗಾಗ ಒಂಬತ್ತು ವರ್ಷ. ಅಪ್ಪನ ತಂಗಿ ಜಯತ್ತೆಯನ್ನು ನೋಡಲು ಭಾರತೀನಗರದಿಂದ ಕಾಲೇಜು ಮೇಷ್ಟರೊಬ್ಬರು ಬಂದಿದ್ದರು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ‘ಸಾರ್ಟ್ ಆಫ್ ಓಕೆ. ಲೆಟ್ ಅಸ್ ಸೀ’ ಎಂದು ಅಪ್ಪನ ಕೈ ಕುಲುಕಿದರು. ನಮ್ಮ ಸೀಮೆಯಲ್ಲಿ ಹೆಣ್ಣು ಹಿಡಿಸದವರು ಕಾಫಿ ಲೋಟ ಕೆಳಗಿಡುವ ಮೊದಲೇ ಅದನ್ನು ಹೇಳಿ ಏಳುವವರು. ಮೆತ್ತಗೆ ನಿರಾಕರಿಸುವ ವಿದ್ಯೆ ನಮಗಿನ್ನೂ ಬಂದಿರಲಿಲ್ಲ. ಅಜ್ಜಿ ಅಪ್ಪನಿಗೆ ತೀರ್ಪು ಕೊಟ್ಟಳು: “ಒಲ್ಲೆ ಅನ್ನಕ್ಕೆ ಇಂಗ್ಲೀಸ್ ಯಾಕ್ಲಾ ಬೇಕು? ಕನ್ನಡದಲ್ಲೇ ಅಂದು ಎದ್ದೋಯ್ತಿದ್ರು. ಒಪ್ಕಂಡವ್ರೆ ಬುಡು.” ಮಾರನೆಯ ದಿನವೇ ಮದುವೆ ಮನೆಗೆಂದು ಗೋಡೆಗಳಿಗೆ ಸುಣ್ಣ ಬಿತ್ತು.

ಹದಿನೈದು ದಿನ ಕಳೆದು ಗೆಜ್ಜಲಗೆರೆಯಿಂದ ಫ್ಯಾಕ್ಟರಿ ಕೆಲಸದ ಗಂಡೊಂದು ಬಂತು. ಅವನ ತಾಯಿ ನಡುಮನೆಯಲ್ಲೇ ಹೇಳಿದಳು: “ಎಣ್ಣು ವಸಿ ಕಪ್ಪು ಕಣವ್ವ. ಆದ್ರೂ ನಮ್ಗೆ ಒಪ್ಗೆ. ನಿಮ್ದೇನು, ನಾಳೀಕ್ ಯೋಳಿ.” ಬಾಗಿಲ ಮರೆಯಲ್ಲಿ ಅತ್ತೆ ನಕ್ಕದ್ದನ್ನು ಕಂಡವಳು ನಾನೊಬ್ಬಳೇ. ಸಂಜೆ ಅವಳು ಅಪ್ಪನನ್ನು ಹಿಡಿದಳು.

“ಅಣ್ಣ, ಮೇಷ್ಟ್ರು ಅಂದಿದ್ದು ಊಂ ಅಂತ್ಲೋ, ಊಹೂಂ ಅಂತ್ಲೋ?”

ಇಂಗ್ಲಿಷಿನಲ್ಲಿ ಮೊದಲ ಸಲಕ್ಕೇ ಪಾಸಾಗಿದ್ದ ಕೇರಿಯ ಏಕೈಕ ಗಣ್ಯರಾದ ಅಪ್ಪ ಬಹಳ ಹೊತ್ತು ಯೋಚಿಸಿದರು. “ಎರಡ್ಕೂ ನಡುವೆ ಕಣಮ್ಮ.”

“ನಡುವೆ ಯಾರಾದ್ರೂ ಸಂಸಾರ ಮಾಡ್ತಾರಾ? ಗೆಜ್ಜಲಗೆರೆಯವ್ರಿಗೆ ಊಂ ಅಂದ್ಬುಡಿ.”

“ಮೇಷ್ಟ್ರು ಬಂದು ಕೇಳುದ್ರೆ ನಾನೇನ್ಲಾ ಯೋಳ್ಲಿ?” ಎಂದು ಅಜ್ಜಿ ಅಪ್ಪನ ಮೇಲೆ ಹರಿಹಾಯ್ದಳು. ಬೆಳಗ್ಗೆ ಅಪ್ಪ ಬಸ್ಸು ಹತ್ತಿ ಗೆಜ್ಜಲಗೆರೆಗೆ ಹೋಗಿ, ಸ್ಪಷ್ಟ ಕನ್ನಡದಲ್ಲಿ, ಆಗುವುದಿಲ್ಲವೆಂದು ಹೇಳಿ ಬಂದರು.

ಆಮೇಲೆ ಅತ್ತೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಜಗುಲಿಯಲ್ಲಿ ಕೂರುತ್ತಿದ್ದಳು, ಭಾರತೀನಗರದ ಬಸ್ಸಿಳಿದು ಬರುವವರನ್ನು ನೋಡುತ್ತ. ಎದ್ದಾಗ ಸೀರೆಯ ಬೆನ್ನು ಗೋಡೆಯ ಸುಣ್ಣದಿಂದ ಬೆಳ್ಳಗಿರುತ್ತಿತ್ತು. ನಾನು ಕೊಡವುತ್ತಿದ್ದೆ.

ಫ್ಯಾಕ್ಟರಿಯವನ ಮದುವೆ ಆ ಮಾಘದಲ್ಲಿ ಆಯಿತು. ಮೇಷ್ಟರದು ವೈಶಾಖದಲ್ಲಿ. ಅತ್ತೆಯದು ಆಗಲಿಲ್ಲ.